ಕೊಯಮತ್ತೂರಿನ ರಾಜಬೀದಿ ಮತ್ತು ನಮ್ಮ ಕನ್ನಡ

ಕೊಯಮತ್ತೂರು ಎಂದೊಡನೆ ನಮ್ಮ ಜಿಲ್ಲೆಯ ಕೃಷಿಕರಿಗೆ ನೆನಪಾಗುವುದು ಪಂಪುಸೆಟ್ಟು. ಅಡಿಗೆಮನೆಯವರಿಗೆ ಗ್ರೈಂಡರು. ಕಣ್ಣಿನ ಪೊರೆ ತೆಗೆಸಬೇಕಾದ ಹಿರಿಯರಿಗೆ ಆಸ್ಪತ್ರೆ, ಮಕ್ಕಳನ್ನು ಇಂಜಿನಿಯರು ಮಾಡಹೊರಟ ತಂದೆತಾಯಿಗಳಿಗೆ ಕಾಲೇಜು. ತಿರುಪ್ಪೂರು ಎಂದರೆ ಬನಿಯನು. ಅದಕ್ಕಿಂತ ಹೆಚ್ಚಿಗೆ ಆ ಊರಿನ ಬಗ್ಗೆ ನಾವು ವಿಚಾರಿಸಿದವರಲ್ಲ. ಮಂಗಳೂರಿನ ರೈಲು ಕಾಸರಗೋಡಿನಲ್ಲಿ ನಮ್ಮನ್ನು ಹತ್ತಿಸಿಕೊಂಡು ಶೊರನೂರು, ಪಾಲಕ್ಕಾಡು ದಾಟಿ ಅಲ್ಲಿ ಇಳಿಸುತ್ತದೆ. ಕೆಲಸ ಮುಗಿಸಿ ಬಂದ ದಾರಿಯಲ್ಲೇ ಹಿಂತಿರುಗುತ್ತೇವೆ. ಆ ಊರಿನ ಹಳೇ ಪೇಟೆಯಲ್ಲಿ, ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದ ದೂರದಲ್ಲಿ, ತಲೆತಲಾಂತರದಿಂದ ಮನೆಯೊಳಗೆ ಕನ್ನಡ ಆಡಿಕೊಂಡು ಬಂದವರ ಬೀದಿಗಳು ಉಂಟೆಂಬುದು ನಮ್ಮಲ್ಲಿ ಬಹುಮಂದಿಗೆ ಗೊತ್ತಿಲ್ಲ. ಗೊತ್ತಿರುವವರೂ ಹೋಗಿ ನೋಡಿದ್ದಿಲ್ಲ.

ಹೋಗಿ ನೋಡಬೇಕು ಎಂಬುದೇ ಈ ಲೇಖನದ ಒತ್ತಾಯ. ಏಕೆಂದರೆ ಅಲ್ಲಿನವರ ಸ್ಥಿತಿ ನಮ್ಮದಕ್ಕೆ ತೀರ ತಿರುಗುಮುರುಗಾಗಿದೆ. ಅವರಿಗೆ ಮಾತು ಉಂಟು, ಅಕ್ಷರ ಇಲ್ಲ. ನಮಗೆ ಅಕ್ಷರ ಉಂಟು. ಮಾತಿನ ವಿಚಾರ ಮುಂದೆ ಹೇಳುತ್ತೇನೆ.

ಮೊದಲು ಬೀದಿಯ ಸಂಗತಿ. ಕೊಯಮತ್ತೂರಿನ ಹಳೇ ಪೇಟೆಗೆ ಗುರುತು ಟೌನ್‌ಹಾಲು. ವಿಕ್ಟೋರಿಯಾ ರಾಣಿಯ ಹೆಸರಿನಲ್ಲಿ 1892ರಲ್ಲಿ ಎದ್ದ ಕಟ್ಟಡ ಅದು. ಅದರ ಸುತ್ತಮುತ್ತ ಒಪ್ಪಣಕ್ಕಾರ ಬೀದಿ, ದೊಡ್ಡ ಅಂಗಡಿ ಬೀದಿ, ವೈಶ್ಯಾಳ್ ಬೀದಿ, ಕರುಪ್ಪ ಗೌಂಡರ್ ಬೀದಿ, ಇವೆಲ್ಲದರ ನಡುವೆ ರಾಜಬೀದಿ. ಊರ ದೇವತೆ ಕೋನಿಯಮ್ಮನ ತೇರು ಮಾಸಿ ತಿಂಗಳಲ್ಲಿ ಈ ಬೀದಿಗಳನ್ನೇ ಸುತ್ತಿ ಬಂದು ರಾಜಬೀದಿಯ ತೇರುಮೈದಾನದಲ್ಲಿ ನಿಲ್ಲುತ್ತದೆ. ಸ್ಟೇಷನ್ ಕಡೆಯಿಂದ ಬರುವ ವೆರೈಟಿ ಹಾಲ್ ರಸ್ತೆಯ ಹೆಸರಿನ ಹಿಂದೆ ಒಂದು ಕತೆ ಉಂಟು. ಸ್ವಾಮಿಕಣ್ಣು ವಿನ್ಸೆಂಟ್ ಎಂಬವರು ಊರೂರಿಗೆ ಡೇರೆ ಹೊತ್ತುಕೊಂಡು ಹೋಗಿ ಚಲಚ್ಚಿತ್ರ ತೋರಿಸುತ್ತಿದ್ದವರು, 1914ರಲ್ಲಿ ಅಲ್ಲಿ ‘ವೆರೈಟಿ ಹಾಲ್’ ಎಂಬ ಖಾಯಂ ಚಿತ್ರಮಂದಿರವನ್ನೇ ಕಟ್ಟಿದರು. ಆ ಚಿತ್ರಮಂದಿರದ ಹೆಸರು ಮುಂದೆ ಬದಲಾಯಿತು. ರಸ್ತೆಗೆ ಮಾತ್ರ ಹಳೆಯದೇ ಅಂಟಿಕೊಂಡಿದೆ. ಹಳೇ ಪೇಟೆಗಳ ಸ್ವಭಾವವೇ ಹಾಗೆ. ಕೋಟೆ ಇಲ್ಲ, ಕೋಟೈಮೇಡು ಎಂಬ ಹೆಸರು ಉಂಟು.

ಈಗ ರಾಜಬೀದಿಗೆ ಹೋದರೆ ಕಣ್ಣಿಗೆ ಬೀಳುವುದು ಚಿನ್ನ ಬೆಳ್ಳಿಯ ಅಂಗಡಿಗಳು, ಜನಜಂಗುಳಿ, ನಿಲ್ಲಿಸಲು ಸ್ಥಳವಿಲ್ಲದ ಸ್ಕೂಟರುಗಳು. ಬೋರ್ಡುಗಳಲ್ಲಿ ತಮಿಳು, ಇಂಗ್ಲಿಷು. ಕನ್ನಡದ ಒಂದು ಅಕ್ಷರ ಹುಡುಕಿದರೂ ಸಿಕ್ಕದು. ರಂಗೈ ಗೌಡರ್ ಬೀದಿ ಎಂಬ ದಿನಸಿಯ ಸಗಟು ವ್ಯಾಪಾರದ ಬೀದಿ ಹತ್ತಿರದಲ್ಲೇ ಉಂಟು. ಗೌಡರ್ ಎಂಬ ಶಬ್ದ ಕಂಡೊಡನೆ ನಮ್ಮವರು ಹಿಗ್ಗಿ ಫೋಟೋ ತೆಗೆದುಕೊಳ್ಳುವುದುಂಟು. ಬೋರ್ಡಿನ ಹೆಸರಿನಿಂದ ಭಾಷೆಯ ಲೆಕ್ಕ ಹಾಕುವುದು ಸರಿಯಲ್ಲ. ಲೆಕ್ಕ ಬೇಕಾದವರು ಬೋರ್ಡು ಬಿಟ್ಟು ಕಿವಿ ಕೊಡಬೇಕು.

ರಾಜಬೀದಿಯಲ್ಲಿ ರಾಮಲಿಂಗ ಚೌಡೇಶ್ವರಿ ಅಮ್ಮನ ದೇವಸ್ಥಾನ ಉಂಟು. ಅಲ್ಲಿ ‘ಸೌಡೇಶ್ವರಿ’ ಎನ್ನುತ್ತಾರೆ. ಇದು ದೇವಾಂಗರ ಕುಲದೇವತೆ. ದೇವಾಂಗರು ನೇಯ್ಗೆಯ ಜನ. ತಮಿಳುನಾಡಿನಲ್ಲಿ ತೆಲುಗು ಮನೆಮಾತಿನ ದೇವಾಂಗರೂ ಇದ್ದಾರೆ, ಕನ್ನಡ ಮನೆಮಾತಿನವರೂ ಇದ್ದಾರೆ. ಕೊಯಮತ್ತೂರು ಕಡೆ ಕನ್ನಡದವರ ಸಂಖ್ಯೆ ದೊಡ್ಡದು. ಹಳೇ ಪೇಟೆಯಲ್ಲಿ ದೇವಾಂಗಪೇಟೆ ಎಂಬ ಹೆಸರಿನ ಬೀದಿಗಳೇ ಉಂಟು. ಪೂಮಾರ್ಕೆಟ್ ಕಡೆ ದೇವಾಂಗ ಹೈಸ್ಕೂಲ್ ರಸ್ತೆ ಉಂಟು. ವಿಜಯದಶಮಿಯ ದಿನ ಈ ದೇವಸ್ಥಾನಕ್ಕೆ ಬರುವ ಮೆರವಣಿಗೆಯಲ್ಲಿ ಗಂಡಸರು, ಹುಡುಗರು ಬರಿ ಮೈಯಲ್ಲಿ ಕತ್ತಿ ಹಿಡಿದು ಕುಣಿಯುತ್ತ, ಎದೆಗೆ ತೋಳಿಗೆ ಕತ್ತಿಯ ಏಟು ಹಾಕಿಕೊಳ್ಳುತ್ತ, ದೇವಿಯನ್ನು ಕರೆದು ತರುತ್ತಾರೆ. ಗಾಯಕ್ಕೆ ಪುಡಿ ಹಚ್ಚಿಕೊಂಡು ಮತ್ತೆ ಮುಂದೆ ಹೋಗುತ್ತಾರೆ. ಆಗ ಅವರು ಕೂಗುವುದು ‘ವೇಸುಕೋ ತಾಯೇ, ತೀಸುಕೋ ತಾಯೇ’ ಎಂದು. ಕ್ರಿಯಾಪದಗಳು ತೆಲುಗು, ಊರು ತಮಿಳು, ಕೂಗುವ ಹಲವರ ಮನೆಮಾತು ಕನ್ನಡ! ಭಾಷಾವಾರು ಪ್ರಾಂತ ಎಂದು ನಾವು ಗೆರೆ ಎಳೆದು ಕುಳಿತವರು ಆ ಮೆರವಣಿಗೆಯ ಮುಂದೆ ಒಂದು ಗಳಿಗೆ ನಿಂತರೆ ಒಳ್ಳೆಯದು.

ತಾವು ಎಲ್ಲಿಂದ ಬಂದವರು ಎಂದು ಕೇಳಿದರೆ ಹಿರಿಯರು ಹಂಪಿಯ ಹೆಸರು ಹೇಳುತ್ತಾರೆ. ದೇವಾಂಗರ ಗಾಯತ್ರೀ ಪೀಠ ಇರುವುದೂ ಹಂಪಿಯ ಹೇಮಕೂಟದಲ್ಲಿಯೇ. ಒಂದೇ ಸಲ ಬಂದವರೋ, ಅಲೆಯಲೆಯಾಗಿ ಬಂದವರೋ, ಅದು ಚರಿತ್ರಕಾರರ ಕೆಲಸ. ಆದರೆ ಕೊಯಮತ್ತೂರು ಸೀಮೆ ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಮೈಸೂರಿನ ಅರಸರ ಕೈಗೆ ಬಂದು, ಹೈದರ್, ಟಿಪ್ಪುವಿನ ಕಾಲದ ಯುದ್ಧಗಳಲ್ಲಿ ಆಚೀಚೆ ಹೊರಳಿ, 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪೆನಿಯ ವಶವಾದದ್ದು ನಿಶ್ಚಯವಾದ ಚರಿತ್ರೆ. ಅದೇ 1799ರಲ್ಲಿ, ಅದೇ ಸೋಲಿನ ಫಲವಾಗಿ, ನಮ್ಮ ಕನ್ನಡ ಜಿಲ್ಲೆಯೂ ಕಂಪೆನಿಗೆ ಸಂದಿತು. ಎರಡೂ ಮುಂದೆ ಮದರಾಸು ಪ್ರಾಂತದ ಜಿಲ್ಲೆಗಳಾದವು. ಹೊಸದಾಗಿ ಕೈಸೇರಿದ ಸೀಮೆಗಳ ವರದಿ ಬರೆಯಲು ಹೊರಟ ಡಾಕ್ಟರ್ ಬುಕಾನನ್ 1800ರಲ್ಲಿ ಕೊಯಮತ್ತೂರಿನ ಮೇಲಿಂದ ಪಾಲಕ್ಕಾಡು, ಮಲಬಾರು ದಾಟಿ, 1801ರ ಆರಂಭದಲ್ಲಿ ಕಾಸರಗೋಡು, ಕುಂಬಳೆ, ಮಂಜೇಶ್ವರದ ದಾರಿಯಾಗಿ ಮಂಗಳೂರಿಗೆ ಹೋದ. ಒಬ್ಬನೇ ಮನುಷ್ಯ, ಒಂದೇ ಪುಸ್ತಕ. ಅದರಲ್ಲಿ ಅವರೂ ನಾವೂ ಇದ್ದೇವೆ.

ಎರಡನೆಯ ಸಲ ನಮ್ಮ ಹಣೆಬರಹ ಒಂದೇ ಕಾಗದದ ಮೇಲೆ ಬರೆಯಲ್ಪಟ್ಟದ್ದು 1956ರ ನವಂಬರ 1ರಂದು. ಆ ದಿನ ದಕ್ಷಿಣ ಕನ್ನಡದಿಂದ ಕಾಸರಗೋಡನ್ನು ಕಡಿದು ಕೇರಳಕ್ಕೆ ಸೇರಿಸಿದರೆಂಬುದನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ. ಅದೇ ದಿನ ಕೊಯಮತ್ತೂರು ಜಿಲ್ಲೆಯಿಂದ ಕೊಳ್ಳೇಗಾಲ ತಾಲೂಕನ್ನು ಬಿಡಿಸಿ ಮೈಸೂರಿಗೆ ಕೊಟ್ಟರು. ಕೊಳ್ಳೇಗಾಲ ಸಿಕ್ಕಿತೆಂದು ಕರ್ನಾಟಕದವರು ಸಂತೋಷಪಟ್ಟರು, ನ್ಯಾಯವೇ. ಆದರೆ ಕೊಯಮತ್ತೂರಿನ ಕನ್ನಡಿಗರ ಕಡೆಯಿಂದ ಯೋಚಿಸಿ ನೋಡಿ. ತಮ್ಮ ಜಿಲ್ಲೆಯಲ್ಲಿ ಕನ್ನಡ ಶಾಲೆ, ಕನ್ನಡ ಕಚೇರಿ, ಕನ್ನಡ ಓದುಬರಹ ಇದ್ದ ತಾಲೂಕು ಒಂದೇ ದಿನದಲ್ಲಿ ಪರರಾಜ್ಯವಾಯಿತು. ಗುಡ್ಡದ ಮೇಲಿನ ತಾಳವಾಡಿ ಮಾತ್ರ ಮದರಾಸಿನಲ್ಲೇ ಉಳಿಯಿತು. ಅದು ಈಗ ಈರೋಡು ಜಿಲ್ಲೆಯಲ್ಲಿದೆ, ಅಲ್ಲಿ ಕನ್ನಡ ಶಾಲೆಗಳು ಉಂಟು. ಬಯಲಿನ ಬೀದಿಗಳಲ್ಲಿದ್ದವರಿಗೆ ಅದೂ ದೂರ. ನಮಗೆ ಗಡಿ ಬಂದು ಮನೆಯ ಹಿಂದೆ ನಿಂತಿತು; ಅವರಿಗೆ ಗಡಿ ಮನೆಯಿಂದ ದೂರ ಹೋಯಿತು. ನಾವು ಕೂಗಿದೆವು, ಸತ್ಯಾಗ್ರಹ ಮಾಡಿದೆವು, ಮನವಿ ಬರೆದೆವು. ಅವರು ಮಗ್ಗದ ಮುಂದೆ ಕುಳಿತಿದ್ದರು.

ಸಂಖ್ಯೆಯಲ್ಲಿ ಅವರು ಕಡಿಮೆಯವರೇನಲ್ಲ. 2011ರ ಜನಗಣತಿಯಲ್ಲಿ ತಮಿಳುನಾಡಿನಲ್ಲಿ ಕನ್ನಡ ತಮ್ಮ ಮಾತೃಭಾಷೆ ಎಂಬ ಲೆಕ್ಕಕ್ಕೆ ಬಂದವರು 12 ಲಕ್ಷಕ್ಕೂ ಮಿಕ್ಕಿ. ಇದರೊಳಗೆ ನೀಲಗಿರಿಯ ಬಡಗರೂ ಸೇರಿದ್ದಾರೆ. ಅದೇ ಜನಗಣತಿಯಲ್ಲಿ ನಮ್ಮ ಇಡೀ ಕಾಸರಗೋಡು ಜಿಲ್ಲೆಯ, ಎಲ್ಲ ಭಾಷೆಯವರೂ ಸೇರಿದ, ಜನಸಂಖ್ಯೆ 13 ಲಕ್ಷ. ಹೀಗಿದ್ದೂ ಬೆಂಗಳೂರಿನಲ್ಲಿ ಹೊರನಾಡ ಕನ್ನಡಿಗರೆಂದು ಭಾಷಣ ಆರಂಭವಾದರೆ ಮುಂಬಯಿ ಬರುತ್ತದೆ, ಅಮೇರಿಕ ಬರುತ್ತದೆ, ಉಪಕಾರಕ್ಕೆಂದು ಕಾಸರಗೋಡು ಬರುತ್ತದೆ. ಕೊಯಮತ್ತೂರಿನ ಹೆಸರು ಬಂದದ್ದನ್ನು ನಾನು ಕೇಳಿದ್ದು ಅಪರೂಪ.

ದೇವಾಂಗಪೇಟೆಯ ಒಂದು ಓಣಿಯಲ್ಲಿ ನಡು ಮಧ್ಯಾಹ್ನ, ಜಗಲಿಯ ಮೇಲೆ ಕುಳಿತಿದ್ದ ಒಬ್ಬ ವೃದ್ಧೆಯನ್ನು ನಾನು ದಾರಿ ಕೇಳುವ ನೆಪದಲ್ಲಿ ಕನ್ನಡದಲ್ಲಿಯೇ ಮಾತಾಡಿಸಿದೆ. ಒಂದು ಕ್ಷಣ ದಿಟ್ಟಿಸಿ ನೋಡಿ, ಕನ್ನಡದಲ್ಲೇ ಉತ್ತರ ಕೊಟ್ಟರು. ತಮಿಳಿನ ರಾಗ, ನಡುನಡುವೆ ತಮಿಳಿನ ಶಬ್ದ. ಆದರೂ ಆಡಿದ್ದೆಲ್ಲ ಅರ್ಥವಾಯಿತು. ನನ್ನದು ಅವರಿಗೆ ಅರ್ಥವಾಗಲು ಸ್ವಲ್ಪ ಕಷ್ಟವಾಯಿತು. ನಮ್ಮ ಪುಸ್ತಕದ ಕನ್ನಡ ಅವರ ಕಿವಿಗೆ ಹೊಸದು. ಕೈಯಲ್ಲಿದ್ದ ಕನ್ನಡ ಪತ್ರಿಕೆಯನ್ನು ತೋರಿಸಿದೆ. ಹಿಂದುಮುಂದು ತಿರುಗಿಸಿ ನೋಡಿ, ಇದು ತೆಲುಗೋ ಎಂದು ಕೇಳಿದರು. ಅಲ್ಲ ಅಮ್ಮಾ, ನೀವು ಈಗ ಆಡಿದ ಭಾಷೆಯೇ ಇದು ಎಂದಾಗ ನಕ್ಕುಬಿಟ್ಟರು. “ಓದಕ್ಕೆ ಬರಲ್ಲ ಸಾಮಿ, ಮಾತು ಮಾತ್ರ” ಎಂದರು. ಹಾಗೆಂದರೆ ಓದು ಬಾರದವರೆಂದು ತಿಳಿಯಬೇಡಿ. ತಮಿಳು ದಿನಪತ್ರಿಕೆ ಅವರ ಪಕ್ಕದಲ್ಲಿಯೇ ಮಡಚಿ ಇಟ್ಟಿತ್ತು. ಅಷ್ಟರಲ್ಲಿ ಒಳಗಿಂದ ಬಂದ ಮೊಮ್ಮಗಳು ಅಜ್ಜಿಯ ಕನ್ನಡಕ್ಕೆ ತಮಿಳಿನಲ್ಲಿ ಉತ್ತರ ಕೊಟ್ಟಳು, ಕೈಯಲ್ಲಿದ್ದ ಪುಸ್ತಕ ಇಂಗ್ಲಿಷಿನದು.

ಇಲ್ಲಿ ತಮಿಳರನ್ನು ದೂರಲು ಏನೂ ಇಲ್ಲ. ಈ ಜನರನ್ನು ಯಾರೂ ಬೀದಿಯಿಂದ ಓಡಿಸಿಲ್ಲ. ಅವರು ಆ ಊರಿನವರೇ, ತಮಿಳು ಅವರದೂ ಹೌದು. ಕೊಯಮತ್ತೂರು ಒಂದು ಕಾಲದಲ್ಲಿ ಮೈಸೂರಿನದಾಗಿತ್ತೆಂದು ಈಗ ಎದೆ ಬಡಿದುಕೊಳ್ಳುವ ಉತ್ಸಾಹಿಗಳು ದಯಮಾಡಿ ಅತ್ತ ಕಡೆ ಹೋಗದಿರಲಿ. ಸರಕಾರದ ಕಾನೂನಿನ ಮಾತು ಬೇರೆ. 2006ರಲ್ಲಿ ತಮಿಳುನಾಡು ಶಾಲೆಗಳಲ್ಲಿ ತಮಿಳನ್ನು ಮೊದಲ ಭಾಷೆಯಾಗಿ ಕಡ್ಡಾಯ ಮಾಡಿತು. ಒಂದನೇ ತರಗತಿಯಿಂದ ಆರಂಭವಾಗಿ ಅದು 2016ರಲ್ಲಿ ಹತ್ತನೇ ತರಗತಿಯ ಪರೀಕ್ಷೆಗೆ ಬಂದು ಮುಟ್ಟಿತು. ಹೊಸೂರು ಕಡೆಯ ಅಲ್ಪಸಂಖ್ಯಾತರು ಕೋರ್ಟಿಗೆ ಹೋದರು. ರಾಜಬೀದಿಯವರಿಗೆ ಕೋರ್ಟಿಗೆ ಹೋಗುವ ಪ್ರಸಂಗವೇ ಬರಲಿಲ್ಲ, ಕಳೆದುಕೊಳ್ಳಲು ಅವರಿಗೆ ಕನ್ನಡ ತರಗತಿ ಇದ್ದರೆ ತಾನೆ? ಸಂವಿಧಾನದ 350-ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಕರ್ಯ ಕೊಡಲು ಪ್ರಯತ್ನಿಸಬೇಕೆನ್ನುತ್ತದೆ. ಆ ವಿಧಿ ಸಂವಿಧಾನಕ್ಕೆ ಸೇರಿದ್ದೂ 1956ರಲ್ಲಿಯೇ. ಕೇಳುವವರಿಲ್ಲದ ಕಡೆ ವಿಧಿಗಳು ಪುಸ್ತಕದಲ್ಲೇ ಇರುತ್ತವೆ.

ಹಾಗಾದರೆ ಶಾಲೆಯಿಲ್ಲದೆ, ಪುಸ್ತಕವಿಲ್ಲದೆ, ರೇಡಿಯೋವಿಲ್ಲದೆ, ಸರಕಾರದ ಒಂದು ಕಾಸಿಲ್ಲದೆ ಇಷ್ಟು ಕಾಲ ಈ ಕನ್ನಡ ಹೇಗೆ ಬದುಕಿತು? ಭಾಷಾಭಿಮಾನದಿಂದ ಎಂದರೆ ಅಲ್ಲ. ಆ ವೃದ್ಧೆಗೆ ಭಾಷಾಭಿಮಾನ ಎಂಬ ಶಬ್ದವೇ ಗೊತ್ತಿರಲಾರದು. ಬದುಕಿಸಿದ್ದು ಮಗ್ಗ, ಬೀದಿ ಮತ್ತು ದೇವಸ್ಥಾನ. ಕೈಮಗ್ಗದ ಕೆಲಸ ಒಬ್ಬನ ಕೆಲಸವಲ್ಲ. ಗಂಡಸು ಕುಳಿಯಲ್ಲಿ ಕಾಲಿಳಿಸಿ ಕುಳಿತು ಲಾಳಿ ಎಳೆದರೆ, ಹೆಂಗಸು ನೂಲು ಸುತ್ತಬೇಕು, ಮಕ್ಕಳು ಎಳೆ ಹಿಡಿದುಕೊಡಬೇಕು, ಹಾಸುನೂಲಿಗೆ ಗಂಜಿ ಹಾಕಿ ಒಣಗಿಸಲು ಇಡೀ ಬೀದಿಯ ಉದ್ದ ಬೇಕು, ನೆರೆಮನೆಯವರ ಕೈ ಬೇಕು. ಬೆಳಗಿನಿಂದ ಸಂಜೆವರೆಗೆ ಕೆಲಸದ ಮಾತು, ಬೈಗುಳ, ತಮಾಷೆ ಎಲ್ಲ ಒಂದೇ ಭಾಷೆಯಲ್ಲಿ. ಹೆಣ್ಣು ತರುವುದು ಕೊಡುವುದು ಅದೇ ನೇಕಾರ ಊರುಗಳ ನಡುವೆ: ಸಿರುಮುಗೈ, ನೆಗಮಂ, ಅವಿನಾಶಿ, ಪಲ್ಲಡಂ ಸುತ್ತಿನ ಹಳ್ಳಿಗಳು. ಸೊಸೆ ಬಂದರೂ ಕನ್ನಡದ ಸೊಸೆಯೇ.

ದೂರದ ಹನೋಯಿ ನಗರದ ಹಳೇ ಪೇಟೆಯ ಬಗ್ಗೆ ಓದಿದವರಿಗೆ ಈ ಏರ್ಪಾಡು ಹೊಸದಲ್ಲ. ವಿಯೆಟ್ನಾಮಿನ ಆ ರಾಜಧಾನಿಯಲ್ಲಿ ಮೂವತ್ತಾರು ಬೀದಿಗಳ ಪೇಟೆ ಎಂದು ಪ್ರಸಿದ್ಧಿ. ಒಂದೊಂದು ಬೀದಿಗೆ ಅಲ್ಲಿ ಮಾರುವ ಸರಕಿನದೇ ಹೆಸರು. ಹಾಂಗ್ ಬಾಕ್ ಎಂದರೆ ಬೆಳ್ಳಿಯ ಬೀದಿ, ಹಾಂಗ್ ಗಾಯ್ ಎಂದರೆ ನಾರಿನ ಬೀದಿ, ಈಗ ಅದು ರೇಷ್ಮೆಯದು. ಒಂದೇ ಹಳ್ಳಿಯ ಕಸುಬಿನವರು ಬಂದು ಒಂದೇ ಬೀದಿಯಲ್ಲಿ ನೆಲೆಸಿ, ತಮ್ಮ ಕಸುಬಿನ ಮೂಲಪುರುಷನಿಗೆ ಅಲ್ಲೇ ಗುಡಿ ಕಟ್ಟಿಕೊಂಡರು. ನಮ್ಮ ರಾಜಬೀದಿಗೂ ಅದಕ್ಕೂ ಎಷ್ಟು ಹೋಲಿಕೆ! ಆ ಗುಡಿಗಳ ಬಾಗಿಲ ಮೇಲಿನ ಹಳೆಯ ಬರಹ ಚೀನೀ ಅಕ್ಷರಗಳಲ್ಲಿ ಉಂಟು, ಇಂದಿನ ಸಾಮಾನ್ಯ ವಿಯೆಟ್ನಾಮಿಗೆ ಅದನ್ನು ಓದಲು ಬಾರದು. ಕಳೆದ ಶತಮಾನದಲ್ಲಿ ಅವರ ಭಾಷೆ ರೋಮನ್ ಲಿಪಿಗೆ ಹೋಯಿತು. ಆದರೆ ಲಿಪಿ ಹೋದರೂ ಅವರ ಶಾಲೆ, ಪತ್ರಿಕೆ, ಕಚೇರಿ ಎಲ್ಲ ಅದೇ ಭಾಷೆಯಲ್ಲಿ ನಡೆದವು, ಭಾಷೆ ಬೆಳೆಯಿತು. ಇಲ್ಲಿ ಹಳೆಯ ಲಿಪಿಯೂ ಇಲ್ಲ, ಹೊಸತೂ ಇಲ್ಲ. ನಾಳೆ ಬೀದಿ ಒಡೆದರೆ ಹಿಡಿದುಕೊಳ್ಳಲು ಏನೂ ಇಲ್ಲ.

ಬೀದಿ ಒಡೆಯುತ್ತಲಿದೆ. 1888ರಲ್ಲಿ ಸ್ಟೇನ್ಸ್ ದೊರೆಯ ನೂಲಿನ ಗಿರಣಿ ಬಂತು, 1930ರ ದಶಕದಲ್ಲಿ ಪೈಕಾರದ ವಿದ್ಯುತ್ತು ಬಂದು ಗಿರಣಿಗಳು ಹತ್ತಾರಾದವು. ಸೋಮನೂರು, ಪಲ್ಲಡಂ ಕಡೆ ಕೈಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ ಬಂತು. ಅದರ ಗದ್ದಲದಲ್ಲಿ ಯಾವ ಭಾಷೆಯೂ ಕೇಳಿಸದು, ಕೂಲಿಯೂ ಸಾಲದು; ಕೂಲಿ ದರಕ್ಕಾಗಿ 2022ರಲ್ಲಿಯೂ 2025ರಲ್ಲಿಯೂ ಅಲ್ಲಿ ಮಗ್ಗ ನಿಲ್ಲಿಸಿ ಮುಷ್ಕರ ಹೂಡಿದ್ದರು. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ಈಗ ಒರಿಸ್ಸಾ, ಬಿಹಾರದವರೂ ತುಂಬಿದ್ದಾರೆ, ಅಲ್ಲಿ ಹಿಂದಿಯೇ ಬೇಗ ಕೆಲಸಕ್ಕೆ ಬರುತ್ತದೆ. ನೇಕಾರನ ಮಗ ಇಂಜಿನಿಯರನಾಗಿ ಊರ ಹೊರಗೆ ಫ್ಲ್ಯಾಟು ಕೊಂಡರೆ ಅವನನ್ನು ಬೇಡವೆನ್ನಲು ನಾವು ಯಾರು? ಕೋವೈ ಕೋರಾ ಸೀರೆಗೆ ಭೌಗೋಲಿಕ ಸೂಚಕದ ಮುದ್ರೆ ಸಿಕ್ಕಿದೆ. ನಮ್ಮ ಕಾಸರಗೋಡು ಸೀರೆಗೂ ಸಿಕ್ಕಿದೆ. ಸೀರೆಗೆ ಮುದ್ರೆ ಸಿಗುತ್ತದೆ. ಅದನ್ನು ನೇಯುವಾಗ ಆಡುವ ಮಾತಿಗೆ ಮುದ್ರೆ ಒತ್ತುವ ಇಲಾಖೆ ಇನ್ನೂ ಹುಟ್ಟಿಲ್ಲ.

ಇನ್ನೊಂದು ವಿಷಯ ಹೇಳಿ ನಮ್ಮ ಊರಿಗೆ ಬರುತ್ತೇನೆ. ಕನ್ನಡದ ವಚನಕಾರರಲ್ಲಿ ಹಿರಿಯನಾದ ಜೇಡರ ದಾಸಿಮಯ್ಯ ನೇಕಾರ. ದೇವಾಂಗರು ಅವನನ್ನು ತಮ್ಮವನೆಂದು ಪೂಜಿಸುತ್ತಾರೆ. ಅವನ ಅಂಕಿತ ರಾಮನಾಥ. ರಾಜಬೀದಿಯ ದೇವಸ್ಥಾನದ ಹೆಸರಿನಲ್ಲಿಯೂ ಚೌಡೇಶ್ವರಿಯ ಜೊತೆ ರಾಮಲಿಂಗ ಇದ್ದಾನೆ. ಇದರಿಂದ ಏನನ್ನೂ ಸಾಧಿಸಿ ತೋರಿಸಲು ನಾನು ಹೊರಟಿಲ್ಲ. ಆದರೆ ಆ ಓಣಿಯ ಹುಡುಗಿಗೆ ತಿರುಕ್ಕುರಳ್ ಬಾಯಿಪಾಠ ಬಂದೀತು, ಷೇಕ್ಸ್‌ಪಿಯರನೂ ಬಂದಾನು, ತನ್ನ ಅಜ್ಜಿಯ ಮಾತಿನಲ್ಲಿಯೇ ಬರೆದ ತನ್ನ ಕಸುಬಿನ ಕವಿ ಮಾತ್ರ ಬಾರನು. ಅವನು ಇದ್ದಾನೆಂಬುದೂ ತಿಳಿಯದು. ಇಂಥ ನಷ್ಟಕ್ಕೆ ಅಳುವವರೂ ಇಲ್ಲ, ಏಕೆಂದರೆ ನಷ್ಟವಾದವರಿಗೆ ಅದು ಗೊತ್ತೇ ಇರುವುದಿಲ್ಲ.

ಈಗ ನಮ್ಮ ಕತೆ. ಕಾಸರಗೋಡಿನ ಕನ್ನಡಿಗರೆಂದು ನಾವು ಕರೆದುಕೊಳ್ಳುತ್ತೇವಲ್ಲ, ನಮ್ಮ ಮನೆಯೊಳಗಿನ ಮಾತು ಯಾವುದು? ತುಳು, ಕೊಂಕಣಿ, ಮರಾಟಿ, ಬ್ಯಾರಿ. ಹವ್ಯಕರ, ಕೋಟದವರ ಮನೆಗಳಲ್ಲಿ ಅವರವರದೇ ಬಗೆಯ ಕನ್ನಡ. ನಮ್ಮಲ್ಲಿ ಬಹುಮಂದಿಗೆ ಕನ್ನಡ ತೊಟ್ಟಿಲಿನಿಂದ ಬಂದದ್ದಲ್ಲ, ಶಾಲೆಯ ಬಾಗಿಲಿನಿಂದ ಬಂದದ್ದು. ಅಧ್ಯಾಪಕರ ಬೆತ್ತದಿಂದ, ಯಕ್ಷಗಾನದ ಅರ್ಥದಿಂದ, ದೇವಸ್ಥಾನದ ಆಮಂತ್ರಣ ಪತ್ರಿಕೆಯಿಂದ, ದಿನಾ ಬೆಳಗ್ಗೆ ಬರುವ ಪೇಪರಿನಿಂದ ಬಂದದ್ದು. ಅದು ನಮಗೆ ಹೆಮ್ಮೆಯೇ ಹೌದು. ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು ಮಾತಾಡುವ ಜನ ಓದುಬರಹಕ್ಕೆ ಕನ್ನಡವನ್ನು ತಾವಾಗಿ ಆರಿಸಿ ಉಳಿಸಿಕೊಂಡು ಬಂದ ಉದಾಹರಣೆ ಬೇರೆಡೆ ಹೆಚ್ಚು ಸಿಗಲಿಕ್ಕಿಲ್ಲ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕಲ್ಲವೆ? ಕೊಯಮತ್ತೂರಿನಲ್ಲಿ ಶಾಲೆ ಇಲ್ಲದಿದ್ದರೂ ಮಾತು ಕೆಲವು ತಲೆಮಾರು ಬಾಳಿತು, ಏಕೆಂದರೆ ಅದು ಅಡಿಗೆಮನೆಯಲ್ಲಿತ್ತು, ಮಗ್ಗದ ಕುಳಿಯಲ್ಲಿತ್ತು. ನಮ್ಮಲ್ಲಿ ಕನ್ನಡ ಶಾಲೆ ನಿಂತರೆ ಮನೆಯೊಳಗೆ ತುಳು ಉಳಿದೀತು, ಕೊಂಕಣಿ ಉಳಿದೀತು, ಕನ್ನಡ ಹಾಗೆ ಉಳಿಯಲಾರದು. ಅವರ ಕನ್ನಡಕ್ಕೆ ನಾಲ್ಕು ತಲೆಮಾರಿನ ಅವಧಿ ಸಿಕ್ಕಿದ್ದರೆ ನಮ್ಮದಕ್ಕೆ ಒಂದು ತಲೆಮಾರು ಸಾಕು.

ಮಲಯಾಳ ಕಡ್ಡಾಯದ ಕಾನೂನು 2017ರಲ್ಲಿ ಬಂದಾಗ ನಾವು ಬೀದಿಗಿಳಿದೆವು. 2025ರಲ್ಲಿ ವಿಧಾನಸಭೆ ಮಲಯಾಳ ಭಾಷಾ ಮಸೂದೆಯನ್ನು ಅಂಗೀಕರಿಸಿದಾಗಲೂ ಪ್ರತಿಭಟಿಸಿದೆವು. ಅದು ಬೇಕು, ಹಕ್ಕನ್ನು ಕೇಳದವರಿಗೆ ಏನು ಸಿಗುತ್ತದೆಂಬುದಕ್ಕೆ ರಾಜಬೀದಿಯೇ ಸಾಕ್ಷಿ. ಆದರೆ ಪ್ರತಿಭಟನೆಯ ಫೋಟೋದಲ್ಲಿ ಮುಂದಿನ ಸಾಲಿನಲ್ಲಿ ನಿಂತವರ ಮಕ್ಕಳು ಮೊಮ್ಮಕ್ಕಳು ಓದುವುದು ಎಲ್ಲಿ ಎಂದು ಲೆಕ್ಕ ತೆಗೆದರೆ ನಮ್ಮ ಮುಖ ಕೆಂಪಗಾಗುತ್ತದೆ. ಜೂನ್ ತಿಂಗಳಲ್ಲಿ ಇಂಗ್ಲಿಷ್ ಶಾಲೆಯ ವ್ಯಾನು ಗೇಟಿನ ಮುಂದೆ ಬಂದು ನಿಲ್ಲುತ್ತದೆ. ಆ ವ್ಯಾನನ್ನು ಯಾವ ಸರಕಾರವೂ ಕಳುಹಿಸಿದ್ದಲ್ಲ. ಇಂಗ್ಲಿಷು ಬೇಡವೆಂದು ನಾನು ಹೇಳುವುದಿಲ್ಲ, ಹೇಳಿದರೆ ಕೇಳುವವರೂ ಇಲ್ಲ. ಇಂಗ್ಲಿಷ್ ಶಾಲೆಗೆ ಹೋಗುವ ಮಗುವಿಗೆ ಸಂಜೆ ಅರ್ಧ ಗಂಟೆ ಕುಳ್ಳಿರಿಸಿ ಕನ್ನಡ ಅಕ್ಷರ ತಿದ್ದಿಸುವ ಮನೆಗಳು ಎಷ್ಟು ಎಂದಷ್ಟೇ ನನ್ನ ಪ್ರಶ್ನೆ.

ಕೊಯಮತ್ತೂರಿನವರಿಗೆ ನಾವು ಏನಾದರೂ ಮಾಡಬಹುದೇ? ಹಾರ, ಶಾಲು, ಸ್ಮರಣಿಕೆ ಹಿಡಿದುಕೊಂಡು ಬಸ್ಸು ಮಾಡಿಕೊಂಡು ಹೋಗಿ, ‘ಹೊರನಾಡ ಕನ್ನಡಿಗರ ಸಮ್ಮಿಲನ’ ಎಂಬ ಬ್ಯಾನರಿನ ಕೆಳಗೆ ಮೂರು ಗಂಟೆ ಭಾಷಣ ಮಾಡಿ, ಊಟ ಮಾಡಿ ಹಿಂತಿರುಗುವ ಯೋಚನೆ ಇದ್ದರೆ ಅದನ್ನು ಬಿಡುವುದೇ ಲೇಸು. ಅವರು ಆ ಭಾಷಣದ ಕನ್ನಡಕ್ಕೆ ಹೆದರಿ ತಮ್ಮದು ಕೀಳು ಎಂದು ತಿಳಿದುಕೊಂಡಾರು. ಈಗಾಗಲೇ ತಮ್ಮದು ಕೊಚ್ಚೆ ಕನ್ನಡ ಎಂದು ಹೇಳಿಕೊಳ್ಳುವವರು ಅಲ್ಲಿದ್ದಾರೆ. ಅದು ಕೊಚ್ಚೆಯಲ್ಲ. ನಮ್ಮ ಪಠ್ಯಪುಸ್ತಕ ಮುಟ್ಟದ, ಮೈಸೂರು ಧಾರವಾಡಗಳ ವ್ಯಾಕರಣ ತಿದ್ದದ ಕನ್ನಡ ಅದು. ಅದರಲ್ಲಿ ನಾವು ಮರೆತ ಶಬ್ದಗಳು ಇರಬಹುದು. ಬೇಕಾದದ್ದು ಕೇಳುವವರು. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡ ಸ್ನಾತಕೋತ್ತರ ವಿಭಾಗ ಉಂಟು, ಪೆರಿಯದ ಕೇಂದ್ರ ವಿಶ್ವವಿದ್ಯಾನಿಲಯದಲ್ಲಿಯೂ ಕನ್ನಡ ವಿಭಾಗ ಉಂಟು. ಸಂಶೋಧನೆಗೆ ವಿಷಯ ಸಿಗುವುದಿಲ್ಲವೆಂದು ಒಬ್ಬರು ಬರೆದದ್ದನ್ನೇ ಇನ್ನೊಬ್ಬರು ಬರೆಯುವ ಬದಲು ನಾಲ್ಕು ವಿದ್ಯಾರ್ಥಿಗಳು ಬೇಸಗೆ ರಜೆಯಲ್ಲಿ ರೈಲು ಹತ್ತಲಿ. ನೇಯ್ಗೆಯ ಶಬ್ದಗಳು, ಅಡಿಗೆಯ ಶಬ್ದಗಳು, ನೆಂಟಸ್ತಿಕೆಯ ಶಬ್ದಗಳು, ಮದುವೆಯ ಹಾಡುಗಳು ಇವನ್ನೆಲ್ಲ ಧ್ವನಿಮುದ್ರಿಸಿ ತರಲಿ. ಈಗ ಅದಕ್ಕೆ ದೊಡ್ಡ ಯಂತ್ರವೂ ಬೇಡ, ಕಿಸೆಯಲ್ಲಿರುವ ಫೋನು ಸಾಕು. ಕರ್ನಾಟಕದ ಗಡಿ ಪ್ರದೇಶಾಭಿವೃದ್ಧಿ ಪ್ರಾಧಿಕಾರದವರು ಖರ್ಚಿಗೆ ಕೊಟ್ಟರೆ ಸರಿ, ಕೊಡದಿದ್ದರೆ ನಮ್ಮ ಸಂಘಗಳು ಒಂದು ವಾರ್ಷಿಕೋತ್ಸವದ ಶಾಮಿಯಾನದ ಖರ್ಚನ್ನು ಇದಕ್ಕೆ ತಿರುಗಿಸಲಿ.

ಮ‌ನೆಮಂದಿಯೆಲ್ಲ ನೋಡಲು ಹೋಗುವುದಾದರೆ ವಿಜಯದಶಮಿಯ ಗದ್ದಲದ ದಿನ ಮಕ್ಕಳನ್ನು ಕರೆದೊಯ್ಯಬೇಡಿ, ಕತ್ತಿಯ ಸೇವೆ ನೋಡಿ ಹೆದರಿಯಾರು. ಬೇರೆ ಯಾವ ದಿನವಾದರೂ ಆದೀತು. ಪಂಪಿನ ಅಂಗಡಿಯ ಕೆಲಸ, ಆಸ್ಪತ್ರೆಯ ಕೆಲಸ ಮುಗಿದ ಮೇಲೆ ರೈಲಿಗೆ ಇನ್ನೂ ಹೊತ್ತಿದ್ದರೆ ಟೌನ್‌ಹಾಲಿನ ತನಕ ನಡೆಯಿರಿ, ರಾಜಬೀದಿಯ ದೇವಸ್ಥಾನದಲ್ಲಿ ಕೈಮುಗಿದು, ಅಲ್ಲಿ ಕುಳಿತ ಹಿರಿಯರೊಡನೆ ಕನ್ನಡದಲ್ಲಿ ಮಾತು ತೆಗೆಯಿರಿ. ಮೊದಲು ತಮಿಳಿನಲ್ಲಿ ಉತ್ತರ ಬರಬಹುದು. ಎರಡನೆಯ ಸಲ ಕೇಳಿ. ಮಕ್ಕಳು ಜೊತೆಯಲ್ಲಿದ್ದರೆ ಅವರ ಕೈಯಲ್ಲಿ ಕನ್ನಡದ ಒಂದು ಬಾಲಪಾಠದ ಪುಸ್ತಕ ಕೊಟ್ಟಿರಿ, ಅಲ್ಲಿನ ಮಕ್ಕಳಿಗೆ ತೋರಿಸಲಿ. ನಮ್ಮ ಮಕ್ಕಳಿಗೆ ಅದನ್ನು ಓದಿ ಹೇಳಲು ಬರುತ್ತದೋ ಇಲ್ಲವೋ ಎಂಬುದೂ ಅಲ್ಲೇ ಗೊತ್ತಾಗುತ್ತದೆ.